ಬೆಂಚಿನ ಹಿಂದಿನ ತುದಿ

"ಬ್ರಷ್ ಹಿಡಿಯೋ ಕೈ ನಿಮ್ದು. ಪಾಪ, ಇಷ್ಟಕ್ಕೇ ಏದುಸಿರಾ?" ಅಂದೆ.

ಡ್ರಾಯಿಂಗ್ ಮೇಷ್ಟ್ರು ಬೆವರು ಒರೆಸಿಕೊಂಡು ನಕ್ಕರು. ಅವರು ನಗುವಾಗ ಕಣ್ಣು ಮೊದಲು ನಗುತ್ತದೆ, ಆಮೇಲೆ ತುಟಿಗೆ ಸುದ್ದಿ ಮುಟ್ಟುತ್ತದೆ. "ಏನ್ಮಾಡೋದು ಮೇಡಂ, ನಿಮ್ಮಷ್ಟು ಶಕ್ತಿ ನಮಗೆಲ್ಲಿ?"

ಒಂದು ವಾರದಿಂದ ನಮ್ಮ ಫಿಸಿಕ್ಸ್ ಲ್ಯಾಬು ಹೊಸ ಕಟ್ಟಡಕ್ಕೆ ಸಾಗುತ್ತಿತ್ತು. ಸಹಾಯಕ್ಕೆ ಬಂದವರು ಅವರೊಬ್ಬರೇ. ತೂಕದ ಬಟ್ಟುಗಳ ಪೆಟ್ಟಿಗೆಗಳನ್ನು ಒಂದೊಂದಾಗಿ ಉದ್ದ ಬೆಂಚಿನ ಮೇಲಿಟ್ಟು ಹೊರುತ್ತಿದ್ದೆವು, ಮುಂದಿನ ತುದಿ ನಾನು, ಹಿಂದಿನ ತುದಿ ಅವರು. ನಾನಂತೂ ಕಾರಿಡಾರಿನಲ್ಲಿ ಹೂವಿನ ಬುಟ್ಟಿ ಹಿಡಿದವಳ ಹಾಗೆ ನಡೆಯುತ್ತಿದ್ದೆ. ನನ್ನ ತೋಳಿನ ಬಗ್ಗೆ ನನಗೇ ಹೆಮ್ಮೆ.

ಬೆಳಗ್ಗೆ ಅಮ್ಮನ ಫೋನ್ ಬಂದಿತ್ತು. "ಭಾವ ನೋಡಿರೋ ಹುಡುಗ ಒಳ್ಳೆಯವನು ಕಣೇ. ಸಂಜೆಯೊಳಗೆ ಹೂಂ, ಉಹೂಂ, ಯಾವುದೋ ಒಂದು ಹೇಳು." ನನಗೆ ಮೇಷ್ಟ್ರೆಂದರೆ ಇಷ್ಟ. ಅವರ ಮನಸ್ಸಿನಲ್ಲಿ ಏನಿದೆಯೋ ಬಾಯಿ ಬಿಡುವವರಲ್ಲ. ನಾನಾಗಿ ಏನಂತ ಕೇಳಲಿ?

ಮಧ್ಯಾಹ್ನ ಟಾರ್ಕ್ ಪಾಠ. ಬೋರ್ಡಿನ ಮೇಲೆ ಒಂದು ಹಲಗೆ, ಎರಡು ತುದಿಗೆ ಇಬ್ಬರು, ಮೇಲೊಂದು ಪೆಟ್ಟಿಗೆ ಬರೆದೆ. "ಎರಡು ಕಡೆ ತಿರುಗಿಸೋ ಬಲ ಸರಿಸಮ ಆದ್ರೆ ಹಲಗೆ ತಿರುಗಲ್ಲ. ಪೆಟ್ಟಿಗೆ ಮಧ್ಯದಲ್ಲಿದ್ರೆ ಇಬ್ಬರಿಗೂ ಅರ್ಧರ್ಧ ಭಾರ. ಒಬ್ಬರ ಹತ್ತಿರ ಸರಿದ್ರೆ ಅವರಿಗೆ ಜಾಸ್ತಿ. ದೂರದವರಿಗೆ..."

ಹಗುರ ಅನ್ನುವಷ್ಟರಲ್ಲಿ ಕಾರಿಡಾರಿನ ನನ್ನ ಹೂವಿನ ಬುಟ್ಟಿ ನೆನಪಾಯಿತು. ವರ್ಷಗಟ್ಟಲೆ ಹೇಳಿದ ಪಾಠ ಇದು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ.

ಕೊನೆಯ ಪೆಟ್ಟಿಗೆ ಸಾಗಿಸುವಾಗ ಕಾರಿಡಾರಿನ ನಡುವೆ ತಟ್ಟನೆ ತಿರುಗಿ ನೋಡಿದೆ. ಪೆಟ್ಟಿಗೆ ಮೇಷ್ಟ್ರ ಎದೆಗೆ ಒರಗಿತ್ತು. ಅವರ ಬೆರಳುಗಳೆಲ್ಲ ಕೆಂಪಾಗಿದ್ದವು. ಬೆಂಚು ಇಳಿಸಿದೆವು.

"ಇದನ್ನ ಯಾರು ಅಲ್ಲಿಗೆ ಸರಿಸಿದ್ದು?"

"ತಾನಾಗೇ ಜಾರಿರಬೇಕು."

"ವಾರವೆಲ್ಲ ನಿಮ್ಮ ಕಡೆಗೇ ಜಾರಿತಾ? ಫಿಸಿಕ್ಸ್ ಟೀಚರ್ ಕಿವಿ ಮೇಲೇ ಹೂವಾ?"

ಅವರು ತಲೆ ತಗ್ಗಿಸಿದರು. "ಗೊತ್ತಾದ್ರೆ ಬೇಡ ಅಂತಿದ್ರಿ."

"ಯಾಕೆ ಹೀಗೆ ಮಾಡಿದ್ರಿ?"

"ನೀವು ಗತ್ತಲ್ಲಿ ಮುಂದೆ ಹೋಗ್ತಿದ್ರೆ ನೋಡೋಕೆ ಚೆಂದ. ಅದಕ್ಕೆ."

ಇಂಥ ಮನುಷ್ಯನನ್ನು ಬಿಟ್ಟು ಇನ್ನಾರನ್ನು ಮೆಚ್ಚಲಿ? ಅಲ್ಲೇ ನಿಂತು ಫೋನ್ ಮಾಡಿದೆ. "ಅಮ್ಮಾ, ಉಹೂಂ."

"ಯಾಕೇ? ಬೇರೆ ಯಾರಾದ್ರೂ ಇದಾರಾ?"

ಮೇಷ್ಟ್ರನ್ನು ನೋಡಿದೆ. ಅವರಿಗೂ ಅಮ್ಮನ ಮಾತು ಕೇಳಿಸಿತ್ತು, ಕಿವಿಯವರೆಗೂ ಕೆಂಪೇರಿದ್ದರು. ಫೋನನ್ನು ಅವರ ಕಡೆ ಚಾಚಿದೆ.

ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ಅತ್ತೆ" ಅಂದರು.