ಬೆಟ್ಟಯ್ಯನ ಕೊಬ್ಬು

ಒಂದು ಗಳಿಗೆ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಅರ್ಧಕ್ಕೇ ಎದ್ದು ಹೋದರೆ ಶಿವಮಲ್ಲಪ್ಪನನ್ನು ಬರೀ ಕಳ್ಳ ಅಂದುಕೊಳ್ಳುತ್ತೀರಿ. ಅವನು ಕದಿಯಲು ಹೊರಟಿದ್ದು ಏನನ್ನು ಅಂತ ಗೊತ್ತಾಗುವುದೇ ಇಲ್ಲ.

ಎರಡು ಸಾವಿರದ ಆರನೇ ಇಸವಿ. ಶಿವಮಲ್ಲಪ್ಪನಿಗೆ ನಲವತ್ನಾಲ್ಕು. ಟಿ. ನರಸೀಪುರದ ಒಂದು ಕ್ಲಿನಿಕ್ಕಿನಲ್ಲಿ ತೆಗೆದ ರಕ್ತದ ಟ್ಯೂಬುಗಳನ್ನು ಐಸ್ ಡಬ್ಬದಲ್ಲಿಟ್ಟುಕೊಂಡು ಬಸ್ಸು ಹತ್ತಿ, ನಂಜನಗೂಡಿನ ಒಂದು ನರ್ಸಿಂಗ್ ಹೋಮಿಗೆ ತಲುಪಿಸುವುದು ಅವನ ಕೆಲಸ. ಕೊರಿಯರ್ ಆಫೀಸಿನವನು. ಅಪ್ಪ ನಲವತ್ತೆಂಟಕ್ಕೆ ಜಗಲಿಯ ಮೇಲೆ ಕೂತವರು ಕೂತಂತೆಯೇ ವಾಲಿದ್ದರು. ಅಣ್ಣ ನಲವತ್ತೈದಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದ. ಹೆಣ್ಣು ನೋಡಬೇಕಾದವರೇ ಹೋದ ಮೇಲೆ ಮದುವೆಯ ಮಾತೂ ಅವರ ಜೊತೆಗೇ ಹೋಯಿತು. ಈಗ ಒಂದು ಬಾಡಿಗೆ ಕೋಣೆ, ಒಂದು ತಟ್ಟೆ, ಒಂದು ಲೋಟ. ಮೊಬೈಲ್ ಏನೋ ಇತ್ತು. ಅದಕ್ಕೆ ಬರುತ್ತಿದ್ದದ್ದು ಕಂಪನಿಯವರ ಹಾಡಿನ ಜಾಹೀರಾತು ಮಾತ್ರ. ಅದನ್ನೂ ಅವನು ಕಡೆಯವರೆಗೆ ಕೇಳಿ ಆಮೇಲೆ ಇಡುತ್ತಿದ್ದ.

ಆಸೆ ಹುಟ್ಟಿದ್ದು ನಂಜನಗೂಡಿನಲ್ಲಿ. ನರ್ಸಿಂಗ್ ಹೋಮಿನ ಗೋಡೆಗೆ ಒಂದು ನೋಟಿಸು ಅಂಟಿಸಿದ್ದರು. ಕೊಲೆಸ್ಟ್ರಾಲ್ ಜಾಸ್ತಿ ಇರುವವರಿಗೆ ಹೊಸ ಮಾತ್ರೆಯ ಟ್ರಯಲ್, ಎರಡು ವರ್ಷ. ಅರ್ಧ ಜನಕ್ಕೆ ಔಷಧಿಯ ಮಾತ್ರೆ, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ, ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರುವುದಿಲ್ಲ. ಅವನು ಅದನ್ನು ಹತ್ತಾರು ಸಲ ನೋಡಿದ್ದ, ಓದಿರಲಿಲ್ಲ. ಓದಿದ್ದು, ಟ್ರಯಲ್ ನೋಡಿಕೊಳ್ಳುವ ಶ್ವೇತ ಎಂಬ ಹುಡುಗಿ ಒಂದು ಮಧ್ಯಾಹ್ನ ಮಾದಮ್ಮ ಅನ್ನುವವರಿಗೆ ಫೋನು ಮಾಡಿದ್ದನ್ನು ಕೇಳಿದ ಮೇಲೆ.

"ಮಾದಮ್ಮ, ಮಾತ್ರೆ ತಗೊಂಡ್ರಾ? ನಿದ್ದೆ ಬಂತಾ? ಊಟ ಏನ್ ಮಾಡುದ್ರಿ? ಬಸ್ಸಾರಾ! ನನ್ ಬುಟ್ಟು ಉಂಡ್ಬುಟ್ರಲ್ಲಾ!"

ಏಳು ನಿಮಿಷ. ಗೋಡೆಯ ಗಡಿಯಾರ ನೋಡಿಕೊಂಡೇ ನಿಂತಿದ್ದ.

"ಇದೂ ಟ್ರಯಲ್‌ಗೇ ಸೇರ್ತದಾ ತಾಯಿ?"

"ಊಂ ಸಾ. ವಾರಕ್ಕೊಂದ್ ಸಲ ಎಲ್ರುಗೂ ಫೋನ್ ಮಾಡ್ಲೇಬೇಕು. ಊಟ, ನಿದ್ದೆ, ಮನ್ಸಿಗೇನಾರ ಬೇಜಾರಾ, ಎಲ್ಲಾ ಕೇಳಿ ಬರ್ಕೋಬೇಕು."

ಎರಡು ವರ್ಷಕ್ಕೆ ನೂರ ನಾಲ್ಕು ವಾರ. ನೂರ ನಾಲ್ಕು ಸಲ ಯಾರೋ ಅವನ ಊಟ ಕೇಳುತ್ತಾರೆ!

"ನಾನೂ ಸೇರ್ಕೋಬೋದಾ?"

"ನೀವ್ ನಮ್ ಸ್ಟಾಫಲ್ವಲ್ಲ, ಸೇರ್ಬೋದು. ರಕ್ತ ನಿಮ್ ನರಸೀಪುರದ್ ಕ್ಲಿನಿಕ್ಕಲ್ಲೇ ಕೊಡ್ಬೋದು. ಆದ್ರೆ ಕೆಟ್ಟ ಕೊಬ್ಬು ನೂರರವತ್ತು ದಾಟಿರ್ಬೇಕು." ಅವಳು ಅವನ ಮಣಿಕಟ್ಟು ನೋಡಿ ನಕ್ಕಳು. "ನಿಮ್ಗೆಲ್ಲಿ ಸಾ ಕೊಬ್ಬು? ಫ್ಯಾನ್ ಹಾಕುದ್ರೆ ಆರೋಯ್ತೀರ!"

ನಿಜವೇ. ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವನಲ್ಲ, ತುಪ್ಪ ಕಂಡು ವರ್ಷವಾಗಿತ್ತು, ಬೆಲ್ಟಿಗೆ ತಾನೇ ಮೂರು ತೂತು ಹೆಚ್ಚಿಗೆ ಕೊರೆದುಕೊಂಡಿದ್ದ. ತನ್ನ ರಕ್ತ ಈ ಕೆಲಸಕ್ಕೆ ಬಾರದು ಅಂತ ಅವನಿಗೆ ಖಾತ್ರಿಯಾಗಿತ್ತು. ಬೇರೆಯವರದು ಬೇಕು.

ಯಾರದು ಅಂತ ಬಹಳ ಹುಡುಕಬೇಕಾಗಲಿಲ್ಲ. ಮುಂದಿನ ವಾರವೇ ನರಸೀಪುರದ ಕ್ಲಿನಿಕ್ಕಿನಲ್ಲಿ ಅವನು ಡಬ್ಬಕ್ಕೆ ಐಸು ತುಂಬುತ್ತಿದ್ದಾಗ, ಭತ್ತದ ಮಿಲ್ಲಿನ ಬೆಟ್ಟಯ್ಯ ಶುಗರ್ ತೋರಿಸಿಕೊಂಡು ಬಾಗಿಲು ಬಡಿದು ಹೊರಟುಹೋದ. ಗುಂಡಗೆ ತುಂಬಿಕೊಂಡ ಆಳು. ನರ್ಸ್ ಶಿವನಂಜಮ್ಮ ರಿಜಿಸ್ಟರು ಮುಚ್ಚುತ್ತಿದ್ದಳು.

"ಏನಂತವ್ವ ಬೆಟ್ಟಯ್ಯಂಗೆ?"

"ಅವಯ್ಯಂಗಾ? ಕೊಬ್ಬು ಕಣಣ್ಣ. ಮೈಯೆಲ್ಲಾ ಕೊಬ್ಬು."

ಇಪ್ಪತ್ತು ವರ್ಷದಿಂದ ಸೂಜಿ ಹಿಡಿದವಳ ಮಾತು. ಇದಕ್ಕಿಂತ ಗಟ್ಟಿ ರಿಪೋರ್ಟು ಯಾವುದಿದೆ?

ಅಲ್ಲಿಂದ ಮುಂದಿನದ್ದನ್ನು ಅವನು ಎಷ್ಟು ಅಚ್ಚುಕಟ್ಟಾಗಿ ಹೆಣೆದ ಅಂತೀರಿ! ಟ್ಯೂಬುಗಳೆಲ್ಲ ಒಂದೇ ಥರ, ಒಂದೇ ಬಣ್ಣದ ಮುಚ್ಚಳ. ಬೇರೆ ಇರುವುದು ಮೇಲಿನ ಚೀಟಿ ಮಾತ್ರ. ಐಸಿನಲ್ಲಿ ಅರ್ಧ ಗಂಟೆ ಇದ್ದರೆ ಚೀಟಿಯ ಗೋಂದು ಸಡಿಲವಾಗುತ್ತದೆ, ಉಗುರಿನಲ್ಲಿ ಎತ್ತಿದರೆ ಹರಿಯದೆ ಬರುತ್ತದೆ. ಎರಡು ಖಾಲಿ ಟ್ಯೂಬು ತಂದು ಕೋಣೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದ. ಹೊಸದಾಗಿ ಏನೂ ಬರೆಯುವುದಿಲ್ಲ, ಬರೆದದ್ದನ್ನೇ ಅದಲುಬದಲು ಮಾಡುತ್ತಾನೆ, ಆದ್ದರಿಂದ ಅಕ್ಷರವೂ ಶಿವನಂಜಮ್ಮನದೇ. ಬಸ್ಸಿನ ಹಿಂದಿನ ಸೀಟು, ಮಡಿಲಲ್ಲಿ ಡಬ್ಬ, ಮೇಲೊಂದು ಟವೆಲ್. ಯಾರ ಮನೆಯಲ್ಲೂ ಏನೂ ಕಳುವಾಗಿರುವುದಿಲ್ಲ. ಕಳುವೇ ಇಲ್ಲದ ಮೇಲೆ ಹುಡುಕುವವರು ಯಾರು?

ಬಾಕಿ ಉಳಿದದ್ದು ಬೆಟ್ಟಯ್ಯನನ್ನು ಕರೆತರುವುದು.

"ಏನ್ಲಾ ಸಿವಮಲ್ಲ, ನಂಗೇನ್ಲಾ ಆಗದೆ? ಗುಂಡ್‌ಕಲ್ಲಿದ್ದಂಗಿವ್ನಿ," ಅಂದ ಬೆಟ್ಟಯ್ಯ. ಒಳಗಿನಿಂದ ಮಕ್ಕಳ ಗಲಾಟೆ, ಜಗಲಿಯಲ್ಲಿ ಅವನ ಎಂಬತ್ತೈದರ ಅಪ್ಪ ಮೂಳೆ ಚೀಪುತ್ತ ಕೂತಿದ್ದ.

"ದೊಡ್ ಟೆಸ್ಟು ಕಣಣ್ಣ. ಪುಕ್ಕಟೆ."

"ಪುಕ್ಕಟೆ ಅಂದ್ರೆ ಬತ್ತೀನಿ ಬುಡು!"

ಪಾಪ ಅನ್ನಿಸಲಿಲ್ಲವೇ ಅಂತ ಕೇಳಬೇಡಿ, ಅನ್ನಿಸಿತು. ಆ ಮನೆಯ ಬಾಗಿಲಲ್ಲಿ ನಿಂತೇ ಅವನು ಅದನ್ನು ತೂಗಿ ನೋಡಿದ. ಬೆಟ್ಟಯ್ಯನ ಫೋನು ಅಷ್ಟು ಹೊತ್ತಿಗೆ ಮೂರು ಸಲ ಬಡಿದುಕೊಂಡಿತ್ತು, ಮೂರು ಸಲವೂ ಅವನು ಬೈದು ಕಟ್ ಮಾಡಿದ್ದ. ಇವನಿಗೆ ಇನ್ನೊಂದು ಫೋನು ಯಾತಕ್ಕೆ? ಮೈ ಕೆಟ್ಟರೆ ನೋಡಲು ಮನೆ ತುಂಬ ಜನರಿದ್ದಾರೆ. ಎಣ್ಣೆ ಕಮ್ಮಿ ಮಾಡಣ್ಣ ಅಂತ ಆಮೇಲೆ ತಾನೇ ಒಂದು ಮಾತು ಹೇಳಿದರಾಯಿತು.

ಬುಧವಾರ ಬೆಳಿಗ್ಗೆ ಇಬ್ಬರೂ ಬರೀ ಹೊಟ್ಟೆಯಲ್ಲಿ ಬಂದರು. ಒಪ್ಪಿಗೆಯ ಕಾಗದವನ್ನು ಶಿವನಂಜಮ್ಮ ಸಾಲು ಸಾಲಾಗಿ ಓದಿ ಹೇಳಿದಳು. ಬೇಡವೆನಿಸಿದ ದಿನ ಬಿಟ್ಟುಹೋಗಬಹುದು, ಯಾರೂ ಕೇಳುವುದಿಲ್ಲ. ಪುಕ್ಕಟೆ ತಾನೇ ಅಂತ ಬೆಟ್ಟಯ್ಯ ಸಹಿ ಹಾಕಿದ. ಬಿಟ್ಟುಹೋಗುವ ಹುಚ್ಚನೂ ಇರುತ್ತಾನೆಯೇ ಅಂತ ಶಿವಮಲ್ಲಪ್ಪ ಸಹಿ ಹಾಕಿದ. ಸೂಜಿ ಚುಚ್ಚಿಸಿಕೊಂಡು ಬಸ್ಸು ಹತ್ತಿದ. ಒಂದು ಕಡೆ ಕಪಿಲೆ, ಇನ್ನೊಂದು ಕಡೆ ಗದ್ದೆ. ಟವೆಲ್ಲಿನ ಕೆಳಗೆ ಎರಡು ಚೀಟಿ ಎದ್ದವು, ಎರಡು ಚೀಟಿ ಕೂತವು. ಪಕ್ಕದಲ್ಲಿದ್ದ ಹೆಂಗಸು, "ಏನಣ್ಣ ಡಬ್ಬದಲ್ಲಿ, ಐಸ್‌ಕ್ರೀಮಾ?" ಅಂದಳು. ಆ ದಿನ ಅವನೊಂದಿಗೆ ಸುಮ್ಮನೆ ಮಾತಾಡಿದವಳು ಅವಳೊಬ್ಬಳೇ.

ಗುರುವಾರ ಅವನು ವಿಚಿತ್ರವಾದ ಒಂದು ಕೆಲಸ ಮಾಡಿದ. ಅನ್ನ ಉಪ್ಪಿನಕಾಯಿ ಬಿಟ್ಟು ಬೇರೇನೂ ಕಾಣದ ಆ ಕೋಣೆಯಲ್ಲಿ ಅವರೆಕಾಳು ಬೇಯಿಸಿ, ಒಗ್ಗರಣೆ ಹಾಕಿ ಸಾರು ಮಾಡಿದ. ಊಟ ಏನು ಅಂತ ಶ್ವೇತ ಕೇಳಿದರೆ ಹೇಳಲು ಏನಾದರೂ ಇರಬೇಕಲ್ಲ!

ಶುಕ್ರವಾರ ಮಧ್ಯಾಹ್ನ, ಅವನು ಕ್ಲಿನಿಕ್ಕಿಗೆ ಹೊರಟಿದ್ದಾಗ, ಫೋನು ಬಂತು.

"ಶಿವಮಲ್ಲಪ್ಪನವ್ರಾ? ಊಟ ಆಯ್ತಾ ಸಾ?"

"ಆಯ್ತು ತಾಯಿ. ಅವರೆಕಾಳ್ ಸಾರು. ನಿನ್ನೆ ಮಾಡಿದ್ದು, ಇವತ್ತು ಇನ್ನೂ ರುಚಿಯಾಗಿತ್ತು. ಒಗ್ಗರಣೆಗೆ ನಾನು..."

"ಒಳ್ಳೇದು ಸಾ. ನಿಮ್ ರಿಪೋರ್ಟು ನಾರ್ಮಲ್. ತೊಂಬತ್ತೆಂಟು. ಎಳೇ ಮಗೀನ್ ರಕ್ತ ಇದ್ದಂಗದೆ! ನಮ್ ಟ್ರಯಲ್‌ಗೆ ನೀವ್ ಬೇಕಾಗಲ್ಲ. ಖುಷಿಯಾಗಿರಿ. ಇಡ್ಲಾ?"

ನಲವತ್ತು ಸೆಕೆಂಡು.

ಅವನು ಓಡಿದಂತೆಯೇ ನಡೆದು ಕ್ಲಿನಿಕ್ಕಿಗೆ ಬಂದ. "ಬೆಟ್ಟಯ್ಯಂಗೆ ಮೈಯೆಲ್ಲಾ ಕೊಬ್ಬು ಅಂದಿದ್ಯಲ್ಲವ್ವ?" ಅಂದ. ಶಿವನಂಜಮ್ಮ ಹಣೆ ಚಚ್ಚಿಕೊಂಡು ನಕ್ಕಳು. "ಅಯ್ಯೋ ಅಣ್ಣ, ನಾನಂದಿದ್ದು ರಕ್ತದ್ ಕೊಬ್ಬಲ್ಲ! ಸೂಜಿ ಚುಚ್ಚಿದ್ರೆ 'ಏನಮ್ಮಿ, ನಿಮ್ಮಪ್ಪನ್ ಮನೆ ಬಾವಿಯಾ ಸೇದಕ್ಕೆ' ಅಂದ. ಆ ಸೊಕ್ಕಿಗಂದೆ." ಆಮೇಲೆ ನಗು ನಿಲ್ಲಿಸಿ, ನಂಜನಗೂಡಿನವರು ಫೋನಿನಲ್ಲಿ ಹೇಳಿದ ರಿಪೋರ್ಟನ್ನು ಬರೆದಿಟ್ಟಿದ್ದ ಒಂದು ಚೀಟಿ ಅವನ ಕೈಗಿಟ್ಟಳು. "ಅಂದು ಪಾಪ ಕಟ್ಕೊಂಡೆ ಕಣಣ್ಣ. ಇನ್ನೂರ ತೊಂಬತ್ತು ಬಂದದೆ ಅವಯ್ಯಂಗೆ. ಈ ಥರದ್ದು ವಂಸದಲ್ಲೇ ಬರೋದಂತೆ, ಅಪ್ಪಂಗೋ ಅಣ್ಣಂಗೋ ಐವತ್ತರೊಳಗೇ ಎದೆ ನಿಂತಿರ್ತದಂತೆ. ಟ್ರಯಲ್‌ಗೆ ತಗೊಂಡವ್ರೆ. ಬಿರ್ರನೆ ಓಗಿ ಅವ್ರ್ ಮನೆಗೆ ಕೊಟ್ಬುಡು." ಶಿವಮಲ್ಲಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಒಂದು ಕೈಯಲ್ಲಿ ಬೆಟ್ಟಯ್ಯನ ಹೆಸರಿನ, ತನ್ನ ರಕ್ತದ ಚೀಟಿ. ಇನ್ನೊಂದರಲ್ಲಿ ಫೋನು, ಅದರಲ್ಲಿ ಶ್ವೇತಳ ನಂಬರು ಇನ್ನೂ ಮೇಲೇ ಇತ್ತು. ನಿಜ ಹೇಳಿದರೆ ಡಬ್ಬ ಹೊರುವ ಕೆಲಸವೂ ಹೋಗುತ್ತದೆ, ಆ ದನಿಯೂ ಹೋಗುತ್ತದೆ. ಹೇಳದಿದ್ದರೆ ನೂರ ನಾಲ್ಕು ಫೋನೂ ಬೆಟ್ಟಯ್ಯನಿಗೆ, ಅಪ್ಪನ ಎದೆ ಇವನಿಗೆ. ನೀವಾಗಿದ್ದರೆ ಆ ಹಸಿರು ಗುಂಡಿ ಒತ್ತುತ್ತಿದ್ದಿರಾ?