ಅಪ್ಪ ನಗುವ ಜಾಗ

“ಯಾರ್ರೀ ನೀವು? ನನ್ನ ಕಂಪ್ಯೂಟರ್ ಮುಟ್ಟೋಕೆ ಯಾರು ಹೇಳಿದ್ರು?”

ಗ್ರಂಥಾಲಯದ ಕೆಲಸ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಮೇಜಿನ ಮುಂದೆ ಅಪರಿಚಿತ. ಸ್ಪೀಕರಿನಲ್ಲಿ ಅವಳದೇ ದನಿ... ಆದರೆ ತಟ್ಟೆಯ ಮೇಲೆ ಚಮಚ ಕೆರೆದ ಹಾಗೆ!

“ನಾನೇ ಕರೆಸಿದೆ ಕಣಮ್ಮ,” ಅಪ್ಪ ತಡವರಿಸಿದರು. “ಎದುರಿನ ಸಭಾಂಗಣದಲ್ಲಿ ಮೈಕ್ ನೋಡ್ಕೊಳ್ತಾರಲ್ಲ, ಮೈಕಣ್ಣ... ಅವರೇ. ಸೌಂಡ್ ಯಾಕೋ ಮಂಕಾಗಿತ್ತು.”

ಮಕ್ಕಳಿಗಾಗಿ ಅವಳು ಓದಿ ಧ್ವನಿಮುದ್ರಿಸುವ ಕಥೆಗಳಿಗೆ ಮೊದಲ ಕೇಳುಗ ಅಪ್ಪ. ಅವರು ನಕ್ಕರೆ ಮಾತ್ರ ಕಥೆ ಮನೆಯಿಂದ ಹೊರಡುತ್ತಿತ್ತು.

“ಇದು ರಿಪೇರಿನಾ? ನನ್ನ ದನಿ ಕೊಂದುಹಾಕಿದ್ದೀರಿ!”

ಅವನು ಅಪ್ಪನ ಮುಖ ನೋಡಿದ. ಅಪ್ಪ ಕಣ್ಣಲ್ಲೇ ಬೇಡವೆಂದರು.

“ತಪ್ಪಾಯ್ತು ಮೇಡಂ,” ಎಂದಷ್ಟೇ ಹೇಳಿ ಹೊರಟುಹೋದ.

‘ಒಂದು ಮಾತೂ ಎದುರಾಡಲಿಲ್ಲ! ಎಂಥಾ ಮನುಷ್ಯ!’

ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆ ಅವಳಿಗೆ ಹೊಸದಲ್ಲ. ಸ್ವರಗಳನ್ನು ಏರಿಸಿ ಇಳಿಸುವ ಈಕ್ವಲೈಜರ್ ತೆರೆದಳು. ದಪ್ಪ ಸ್ವರದ ಸ್ಲೈಡರ್‌ಗಳು ಸಮನಾಗಿದ್ದವು; ಕೀರಲು ಸ್ವರದವು ಮಾತ್ರ ಮೆಟ್ಟಿಲಿನಂತೆ ಮೇಲೇರಿದ್ದವು. ಎಲ್ಲವನ್ನೂ ಸೊನ್ನೆಗೆ ಇಳಿಸಿದಳು. ದನಿ ತಿಳಿಯಾಯಿತು.

ಮರುಸಂಜೆ ಕಿಟಕಿಯತ್ತ ಮುಖ ಮಾಡಿ ಕುಳಿತು, ಹೊಸ ಕಥೆ ಹಾಕಿದಳು. ಆನೆಮರಿ ಸೀನಿ ಟೋಪಿ ಹಾರಿಸಿದಾಗ ಅಪ್ಪ ನಗಲಿಲ್ಲ. ಟೋಪಿ ಸಿಗದೆ ಅದು ಅಳುವಾಗ ನಕ್ಕರು!

ಅವಳು ಕಥೆ ನಿಲ್ಲಿಸಿ ಅಪ್ಪನತ್ತ ತಿರುಗಿದಳು.

“ಅಪ್ಪಾ... ನಿಂಗೆ ಕೇಳಿಸ್ತಿಲ್ವಾ?”

“ದನಿ ಕೇಳುತ್ತೆ. ಸ, ಶ, ತ... ಎಲ್ಲಾ ಮಾಯ. ಇಷ್ಟು ದಿನ ನಿನ್ನ ಮುಖ ನೋಡಿ ನಗ್ತಿದ್ದೆ ಕಣೆ. ಇವತ್ತು ನೀನು ಆ ಕಡೆ ತಿರುಗಿದ್ದೆ.” ಅಪ್ಪ ತಲೆ ತಗ್ಗಿಸಿದರು. “ಪಾಪ, ಮೈಕಣ್ಣ ನನ್ನ ಕಿವಿಗೆ ಸೌಂಡ್ ಹೊಂದಿಸಿಕೊಟ್ಟಿದ್ರು. ನಿಂಗೆ ಹೇಳ್ಬೇಡಿ ಅಂದಿದ್ದು ನಾನೇ.”

ಅವಳು ರಸ್ತೆ ದಾಟಿ ಸಭಾಂಗಣಕ್ಕೆ ಓಡಿದಳು. ಖಾಲಿ ಕುರ್ಚಿಗಳ ನಡುವೆ ಅವನು ವೈರ್ ಸುತ್ತುತ್ತಿದ್ದ.

“ನಾನು ಅಷ್ಟು ಬೈದಾಗಲಾದ್ರೂ ಬಾಯಿ ಬಿಡಬಾರದಿತ್ತಾ?”

“ಅದು ಅವರ ಗುಟ್ಟು. ನಾನು ಹೇಳೋ ಹಾಗಿರಲಿಲ್ಲ.”

ಅವಳ ಕಣ್ಣು ತುಂಬಿತು.

“ನಿಮ್ಮ ದನಿ ಕೆಡಿಸೋಕೆ ನಂಗೆ ಮನಸ್ಸು ಬರುತ್ತಾ?” ಅವನು ವೈರನ್ನೇ ನೋಡುತ್ತ ಹೇಳಿದ. “ಗ್ರಂಥಾಲಯ ಕಳಿಸೋ ನಿಮ್ಮ ಕಥೆಗಳನ್ನ ಇಲ್ಲಿ ಮಕ್ಕಳಿಗೆ ಹಾಕೋದು ನಾನೇ. ಮಕ್ಕಳು ಹೋದ ಮೇಲೆ ಇನ್ನೊಂದ್ಸಲ ಹಾಕ್ಕೊಂಡು ಕೇಳ್ತೀನಿ.”

“ಆ ಮಕ್ಕಳ ಕಥೆಗಳನ್ನಾ?”

“ಕಥೆನ ಅಲ್ಲ...”

ಅವಳು ನೆಲದಲ್ಲಿದ್ದ ವೈರಿನ ತುದಿ ಎತ್ತಿ ಅವನ ಕೈಗಿತ್ತಳು.

ಮರುದಿನ ಅವನು ಬಂದು ಕಂಪ್ಯೂಟರಿನಲ್ಲಿ ಎರಡು ದಾರಿ ಮಾಡಿದ. ಸ್ಪೀಕರಿಗೆ ಅವಳ ತಿಳಿದನಿ. ಅಪ್ಪನ ಹೆಡ್‌ಫೋನಿಗೆ ಕೀರಲು ಏರಿಸಿದ ದನಿ. ಆನೆಮರಿ ಸೀನಿತು. ಅಪ್ಪ, ಮಗಳು ಒಟ್ಟಿಗೇ ನಕ್ಕರು!

ಅವನನ್ನು ಕಳಿಸಲು ಅವಳು ಬಾಗಿಲವರೆಗೆ ಬಂದಳು.

“ತುಂಬಾ ಥ್ಯಾಂಕ್ಸ್, ಮೈಕ...”

“ಪೂರ್ತಿ ಕರೀರಿ. ಬೀದಿಯೆಲ್ಲ ಹಾಗೇ ಕರೆಯುತ್ತೆ.”

“ಬೀದಿ ಕರೀಲಿ. ನಾನು ಮಾತ್ರ ಅಣ್ಣ ಅನ್ನಲ್ಲ.”

ಅವನ ಕಿವಿ ಕೆಂಪಾಯಿತು. “ಮತ್ತೆ... ಏನಂತ ಕರೀತೀರಿ?”

“ನಾಳೆನೂ ಬನ್ನಿ, ಹೇಳ್ತೀನಿ.”

ಒಳಗೆ ಹೆಡ್‌ಫೋನ್ ಕಳಚಿಟ್ಟಿದ್ದ ಅಪ್ಪನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ತಿರುಗಿದ ಮಗಳ ಮುಖ ನೋಡಿ ಮನಸಾರೆ ನಕ್ಕರು.