ಹಿರಿಯರ ಪಂಕ್ತಿಯಲ್ಲಿ ಸುಮೇಧಾ

"ಆಂಟಿ, ಹಿರಿಯರಿಗೆ ಮೊದಲ ಪಂಕ್ತಿ. ಬನ್ನಿ, ಕೂತ್ಕೊಳ್ಳಿ."

ಹಿಂದಿನಿಂದ ಬಂದ ಆ ದನಿಗೆ ಸುಮೇಧಾ ತಿರುಗಿ ನೋಡಲಿಲ್ಲ. ಪಾರ್ಕಿಂಗ್‌ನಿಂದ ಊಟದ ಹಾಲ್‌ವರೆಗೆ ನಡೆದದ್ದಕ್ಕೇ ಅವಳಿಗೆ ಏದುಸಿರು ಬಂದಿತ್ತು. ಕೂರಲು ಜಾಗ ಸಿಕ್ಕರೆ ಸಾಕು, ಆಂಟಿಯಾದರೇನು, ಅಜ್ಜಿಯಾದರೇನು. ಡಾಲಸ್ ಕಡೆಯ ಕನ್ನಡದವರ ಯುಗಾದಿ ಊಟದಲ್ಲಿ ವಯಸ್ಸಾದವರಿಗೆ ಮೊದಲು ಬಡಿಸುವುದು ಪದ್ಧತಿ. ಅವಳು ತೆಪ್ಪಗೆ ಹೋಗಿ, ಮಂಡಿನೋವಿನ ಮಾತಿನಲ್ಲಿ ಮುಳುಗಿದ್ದ ಇಬ್ಬರು ನಿವೃತ್ತ ಡಾಕ್ಟರುಗಳ ನಡುವೆ ಕೂತಳು.

ಕೋಸಂಬರಿ ಬಡಿಸುತ್ತಾ ಬಂದಾಗ ಆ ದನಿಯವನು ಅವಳ ಮುಖ ನೋಡಿದ. ಅರ್ಧ ನರೆತ ಕೂದಲು, ಬಾಗಿದ ಭುಜ, ಮುಖಕ್ಕೆ ಮಾತ್ರ ಮೂವತ್ತೇಳು. ಸೌಟು ಅವನ ಕೈಯಲ್ಲೇ ನಿಂತಿತು.

"ಅಯ್ಯೋ, ಸಾರಿ ರೀ. ಹಿಂದಿನಿಂದ ನೋಡಿ..."

"ಪರವಾಗಿಲ್ಲಪ್ಪಾ, ಸ್ವಲ್ಪ ಜಾಸ್ತಿ ಬಡಿಸು," ಎಂದಳು ಸುಮೇಧಾ, ಅಜ್ಜಿಯರ ದನಿ ಮಾಡಿ.

ಅವನ ಕಿವಿ ಕೆಂಪಾಯಿತು. ಒಬ್ಬಟ್ಟು ತಂದಾಗ ಕೇಳದೆಯೇ ಎರಡು ಹಾಕಿದ. ತುಪ್ಪ ಹಾಕುವಾಗ ಒಂದು ಗಳಿಗೆ ಹೆಚ್ಚೇ ನಿಂತ. ಅವಳು ಎಲೆಯನ್ನೇ ನೋಡುತ್ತಿದ್ದಳು, ಆದರೂ ಆ ನೋಟ ಅವಳಿಗೆ ತಾಗಿತು.

ಅವನ ಹೆಸರು ಸುಮುಖ. ಆಸ್ಟಿನ್‌ನಲ್ಲಿ ಕೆಲಸ. ಅಕ್ಕನ ಮನೆಗೆ ಹಬ್ಬಕ್ಕೆ ಬಂದವನನ್ನು ಇಲ್ಲಿಯವರು ಬಡಿಸಲು ಹಿಡಿದು ಹಾಕಿದ್ದರು. ಊಟವಾದ ಮೇಲೆ ಕಾಫಿ ಹಿಡಿದುಕೊಂಡು ಮತ್ತೆ ಕ್ಷಮೆ ಕೇಳಲು ಬಂದ.

"ತಪ್ಪು ನಿಮ್ಮದಲ್ಲ," ಎಂದಳು ಅವಳು. "ಹದಿನೇಳರಲ್ಲಿ ನಂಗೆ ಕ್ಯಾನ್ಸರ್ ಆಗಿತ್ತು, ಮೈಸೂರಲ್ಲಿದ್ದಾಗ. ಕೀಮೋ, ಎದೆಗೆ ರೇಡಿಯೇಷನ್, ಎಲ್ಲ ಆಯ್ತು. ವಾಸಿಯಾಯ್ತು."

ಜನ ಈ ಮಾತಿಗೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಸುಮುಖನ ಮುಖ ಅರಳಿತು.

"ನನ್ನ ಹೆಂಡತಿ ರಜನಿ ಅದರಲ್ಲೇ ಹೋದ್ಲು. ನಾಲ್ಕು ವರ್ಷ ಆಯ್ತು. ಗೆದ್ದು ಬಂದವರೊಬ್ರು ಹೀಗೆ ಎದುರಿಗೆ ನಿಂತು ಕಾಫಿ ಕುಡೀತಿದ್ರೆ, ಹೆಂಗೆ ಹೇಳ್ಲಿ, ತುಂಬಾ ಸಂತೋಷ ಆಗತ್ತೆ."

ಆ ಸಂತೋಷವೇ ಎಡವಟ್ಟು ಮಾಡಿದ್ದು. ತಾನು ಬದುಕಿರುವುದಕ್ಕೆ ಒಬ್ಬ ಗಂಡಸು ಇಷ್ಟು ಖುಷಿಪಟ್ಟದ್ದನ್ನು ಸುಮೇಧಾ ಅದುವರೆಗೆ ಕಂಡಿರಲಿಲ್ಲ. ಉಳಿದದ್ದನ್ನು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

ಉಳಿದದ್ದು ಕಡಿಮೆಯೇನೂ ಇರಲಿಲ್ಲ. ಜೀವ ಉಳಿಸಿದ ಚಿಕಿತ್ಸೆಯೇ ದೇಹವನ್ನು ಅವಸರದಲ್ಲಿ ಮುದಿ ಮಾಡಿತ್ತು. ಇಪ್ಪತ್ತೈದಕ್ಕೆ ಥೈರಾಯ್ಡ್ ಕೈಕೊಟ್ಟಿತು. ಮೂವತ್ತೊಂದಕ್ಕೆ ಮುಟ್ಟು ನಿಂತಿತು. ಮೂಳೆ ಸವೆದಿತ್ತು. ಈಗ ಹೃದಯದ ಒಂದು ಕವಾಟ ಎಂಬತ್ತರ ಮುದುಕಿಯದರಂತೆ ಗಡುಸಾಗಿ, ಸರಿಯಾಗಿ ತೆರೆಯಲಾರದೆ ಒದ್ದಾಡುತ್ತಿತ್ತು. ಇಪ್ಪತ್ತು ವರ್ಷದ ಹಿಂದಿನ ರೇಡಿಯೇಷನ್ ಈಗ ತನ್ನ ಬೆಲೆ ಕೇಳುತ್ತಿದೆ ಎಂದು ಡಾಕ್ಟರು ಹೇಳಿದ್ದರು.

ಅವಳಿದ್ದದ್ದು ಡಾಲಸ್ ಬಳಿಯ ಲಿಟಲ್ ಎಲ್ಮ್‌ನಲ್ಲಿ, ಅವನು ಆಸ್ಟಿನ್‌ನಲ್ಲಿ. ಇಬ್ಬರಿಗೂ ನಡುವೆ ಬೀಳುವ ವೇಕೋದಲ್ಲಿ ಶನಿವಾರಗಳಂದು ಸೇರತೊಡಗಿದರು. ನದಿ ಪಕ್ಕ ನಡೆಯುತ್ತಿದ್ದರು, ಅವಳು ನಿಂತಲ್ಲಿ ಅವನೂ ನಿಲ್ಲುತ್ತಿದ್ದ.

"ಏನ್ರೀ, ಹತ್ತು ಹೆಜ್ಜೆಗೊಂದು ಸ್ಟಾಪಾ? ಸಿಟಿ ಬಸ್ ಥರ."

"ನಿಮ್ಮ ಜೊತೆ ಬೇಗ ತಲುಪಿಬಿಟ್ರೆ ಮನೆಗೆ ಹೋಗ್ಬೇಕಾಗತ್ತಲ್ಲ, ಅದಕ್ಕೆ."

ಅವನು ನಕ್ಕ. ಅವಳೂ ನಕ್ಕಳು, ಉಸಿರು ಸಿಕ್ಕಿದ ಮೇಲೆ.

ಒಂದೇ ಒಂದು ಸಲ ಅವಳು ಧೈರ್ಯ ಮಾಡಿದಳು. "ಸುಮುಖ, ನನ್ನ ಆಯಸ್ಸು ಎಲ್ಲರಷ್ಟು..."

"ಬಿಡ್ತು ಅನ್ನಿ," ಎಂದ ಅವನು ತಕ್ಷಣ. ಬೆರಳು ಅವಳ ತುಟಿಯವರೆಗೆ ಬಂದು, ನಾಚಿ ನಿಂತಿತು. "ಮೊದಲು ಬಿಡ್ತು ಅನ್ನಿ."

"ಬಿಡ್ತು," ಎಂದಳು. ಎಂಥ ಸಿಹಿ ಗದರಿಕೆ ಅನ್ನಿಸಿತ್ತು ಆಗ. ಮತ್ತೆ ಆ ಮಾತು ಎತ್ತಲಿಲ್ಲ.

ಆಗಸ್ಟ್‌ನಲ್ಲಿ ಅವನು ಕೇಳಿದ, ದೀಪಾವಳಿ ಆದ ಮೇಲೆ ಮದುವೆ ಆಗೋಣ್ವಾ ಎಂದು. ಅವಳು ನಕ್ಕು ಮಾತು ತೇಲಿಸಿದಳು. ಅದೇ ವಾರ ಡಾಕ್ಟರು ಇನ್ನು ಕಾಯುವಂತಿಲ್ಲ ಎಂದರು. ಕವಾಟ ಬದಲಿಸಬೇಕು, ರೇಡಿಯೇಷನ್ ತಿಂದ ಎದೆಯನ್ನು ತೆರೆಯುವುದು ಸುಲಭವಲ್ಲ, ಹ್ಯೂಸ್ಟನ್‌ನಲ್ಲಿ ಮಾಡಿಸಿ. ಸುಮೇಧಾ ತಾನು ಕೆಲಸ ಮಾಡುತ್ತಿದ್ದ ಲಾಸ್ ಕೊಲಿನಾಸ್‌ನ ಆಫೀಸಿಗೆ ರಜೆ ಹಾಕಿದಳು. ಸುಮುಖನಿಗೆ ಮೈಸೂರಿಗೆ ಹೋಗಿ ಬರ್ತೀನಿ ಎಂದಳು.

ಹ್ಯೂಸ್ಟನ್ ಹತ್ತಿರದ ಸೈಪ್ರೆಸ್‌ನಲ್ಲಿ ಅವಳಿಗೆ ಇಳಿಯಲು ಜಾಗ ಕೊಟ್ಟವರು ಲೀಲಾವತಿ ಆಂಟಿ. ಧಾರವಾಡದವರು, ಆಪರೇಷನ್‌ಗೆ ಅರಿವಳಿಕೆ ಕೊಡುವ ಡಾಕ್ಟರಾಗಿ ನಿವೃತ್ತರಾದವರು. ಆಪರೇಷನ್ನಿನ ಹಿಂದಿನ ದಿನ ಬೆಳಗ್ಗೆ ತಿಂಡಿಗೆ ಕೂತಾಗ ಅವರಿಗೆ ಸುಮುಖನ ವಿಷಯ ಗೊತ್ತಾಯಿತು. ತಟ್ಟೆ ಸರಿಸಿಬಿಟ್ಟರು.

"ಸುಳ್ಳ ಹೇಳಿ ಬಂದೀಯಲ್ಲ ಸುಮೇಧಾ. ನಾಳೆ ಏನರ ಆದ್ರ ಆ ಹುಡುಗಗ ಯಾರು ಹೇಳಬೇಕು? ನಾನೇನು? ನಲವತ್ತು ವರ್ಷ ಅದನ್ನ ಮಾಡೇನಿ. ಇನ್ನ ನನ್ನ ಕೈಲೆ ಆಗೂದಿಲ್ಲ."

ಸುಮೇಧಾ ಫೋನ್ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಅವನ ಕಾರು ಬಂತು.

ಹಿತ್ತಲಿನಲ್ಲಿ ಎರಡು ಕುರ್ಚಿ ಹಾಕಿ ಆಂಟಿ ಒಳಗೆ ಹೋದರು. ಸುಮುಖನ ಮುಖ ಗಂಟಿಕ್ಕಿತ್ತು.

"ಏರ್‌ಪೋರ್ಟಿಗೆ ಡ್ರಾಪ್ ಮಾಡ್ತೀನಿ ಅಂದ್ರೆ ಬೇಡ ಅಂದ್ರಿ. ನಾನು ಅಷ್ಟು ಪೆದ್ದನಾ?"

"ನಿಮಗೆ ಬೇಕಾಗಿದ್ದಿದ್ದು ಗೆದ್ದು ಬಂದವಳು. ನಾನು ಗೆದ್ದಿಲ್ಲ ಸುಮುಖ. ಸಾಯದೆ ಉಳಿದೆ, ಅಷ್ಟೇ."

ನಂತರ ಅವಳು ಎಲ್ಲವನ್ನೂ ಹೇಳಿದಳು. ಹೊಸ ಕವಾಟ ಬಾಳಿದಷ್ಟು ಕಾಲ, ಆಮೇಲೆ ಮತ್ತೊಂದು ಆಪರೇಷನ್. ಮಕ್ಕಳಾಗುವುದಿಲ್ಲ. ರೇಡಿಯೇಷನ್ ಬಿದ್ದ ಜಾಗದಲ್ಲಿ ಇನ್ನೊಂದು ಕ್ಯಾನ್ಸರ್ ಹುಟ್ಟಬಹುದು. ಐವತ್ತು ಮುಟ್ಟಿದರೆ ಅದೇ ದೊಡ್ಡದು, ಮುಟ್ಟಿದರೂ ಎಪ್ಪತ್ತರವಳಂತೆ ಇರುತ್ತೇನೆ.

"ಮತ್ತೆ ಆಸ್ಪತ್ರೆ ಕುರ್ಚಿ ಮೇಲೆ ನಿಮ್ಮನ್ನ ಕೂರಿಸೋಕೆ ನಂಗಿಷ್ಟ ಇಲ್ಲ. ಆಸ್ಟಿನ್‌ಗೆ ವಾಪಸ್ ಹೋಗಿ. ನಾನೇನೂ ತಪ್ಪು ತಿಳ್ಕೊಳಲ್ಲ."

ಸುಮುಖ ಎದ್ದ. ಬೇಲಿಯ ಬಾಗಿಲು ತೆರೆದು ಹೊರಗೆ ಹೋದ. ಕಾರು ಸ್ಟಾರ್ಟ್ ಆದದ್ದು ಅವಳಿಗೆ ಕೇಳಿಸಿತು.

ಹೋಗಿ ಅಂದವಳು ಅವಳೇ. ಆದರೂ ನಾಳೆಯ ಕತ್ತರಿಗಿಂತ ಹೆಚ್ಚಾಗಿ ಈಗ ಆ ಖಾಲಿ ಕುರ್ಚಿಗೆ ಹೆದರಿದಳು. ಅವನು ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಇನ್ನೊಂದು ಸುಳ್ಳು ಹೇಳಿಯಾದರೂ ಕರೆಯಬಹುದೇ ಎಂದು ಯೋಚಿಸಿದಳು.

ಬೇಲಿಯ ಬಾಗಿಲು ಮತ್ತೆ ಸದ್ದು ಮಾಡಿತು. ಸುಮುಖನ ಕಣ್ಣು ಕೆಂಪಾಗಿತ್ತು.

"ರಸ್ತೆ ಕೊನೆವರೆಗೂ ಹೋದೆ," ಎಂದ. "ಹೈವೇ ಹತ್ತೋಕೆ ಆಗ್ಲಿಲ್ಲ."

ಕುರ್ಚಿಯನ್ನು ಅವಳ ಮಂಡಿಯವರೆಗೆ ಎಳೆದುಕೊಂಡು ಕೂತ.

"ಕೊನೆ ತಿಂಗಳು ರಜನಿ ಏನೋ ಹೇಳೋಕೆ ಬರೋಳು. ಬಿಡ್ತು ಅನ್ನು, ಬಿಡ್ತು ಅನ್ನು ಅಂತ ಪ್ರತಿ ಸಲ ಬಾಯಿ ಮುಚ್ಚಿಸಿದೆ. ಅದೇ ಪ್ರೀತಿ ಅನ್ಕೊಂಡಿದ್ದೆ. ಏನು ಹೇಳೋಕಿದ್ಲು ಅಂತ ಇವತ್ತಿಗೂ ಗೊತ್ತಿಲ್ಲ ನಂಗೆ." ಅವನು ತಲೆ ಎತ್ತಿ ಅವಳನ್ನು ನೋಡಿದ. "ನಿಮಗೂ ಅದನ್ನೇ ಮಾಡ್ದೆ. ನೀವು ಸುಳ್ಳು ಹೇಳಿದ್ದು ನನ್ನಿಂದ."

"ಹೆದರಿಕೆ ಆಗ್ತಿಲ್ವಾ?"

"ತುಂಬಾ ಆಗ್ತಿದೆ. ಕೈ ಕೊಡಿ."

ಅವಳು ಅವನ ಕೈ ಹಿಡಿದಳು.

"ನಾಳೆ ನೀನು..." ಎಂದು ಶುರು ಮಾಡಿ ಅವನು ತಡವರಿಸಿದ. ಅವಳನ್ನು ನೀನು ಎಂದದ್ದು ಅದೇ ಮೊದಲು. ಮಾತನ್ನು ನುಂಗಲಿಲ್ಲ, ಮುಗಿಸಿದ. "ನಾಳೆ ನೀನು ಏಳದೆ ಹೋದ್ರೆ ನಾನೇನು ಮಾಡ್ಬೇಕು? ಹೇಳು, ಕೇಳಿಸ್ಕೋತೀನಿ."

ಇಪ್ಪತ್ತು ವರ್ಷದಲ್ಲಿ ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅಮ್ಮ ಕೇಳಿರಲಿಲ್ಲ, ಡಾಕ್ಟರೂ ಕೇಳಿರಲಿಲ್ಲ. ಸುಮೇಧಾ ಮನಸಾರೆ ಅತ್ತಳು. ಅವನು ಅಳಬೇಡ ಎನ್ನಲಿಲ್ಲ.

"ಮೈಸೂರಿಗೆ ನೀನೇ ಫೋನ್ ಮಾಡು. ಅಮ್ಮಂಗೆ ನಾನು ಹೆದರಿರಲಿಲ್ಲ ಅಂತ ಹೇಳು."

"ಸುಳ್ಳು ಹೇಳ್ಲಾ?"

"ಅಮ್ಮಂಗೆ ಮಾತ್ರ."

"ಸರಿ. ಎದ್ರೆ?"

ಅವಳು ಕಣ್ಣೊರೆಸಿಕೊಂಡಳು. "ಎದ್ರೆ ನಿನ್ನ ಮದುವೆ ಆಗ್ತೀನಿ. ಎಷ್ಟು ವರ್ಷಕ್ಕೆ ಅಂತ ಮಾತ್ರ ಕೇಳ್ಬೇಡ."

"ಕೇಳಲ್ಲ," ಎಂದ ಸುಮುಖ. ಕೇಳಲು ಅವನ ಜೀವ ಎಷ್ಟು ಒದ್ದಾಡುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಅವಳು ಕೈ ಬಿಡಲಿಲ್ಲ.